ಎಂಟನೇ ಎಣಿಕೆಗೆ ಬಂದ ಪೇಟ

ವೇಣುಗೋಪಾಲ್ ಮೇಷ್ಟ್ರ ಮೇಲೆ ನನಗಿದ್ದ ಸಿಟ್ಟು ಆ ದಿನ ಬೆಳಗ್ಗೆ ಟೆಂಪೊ ಹತ್ತುವಾಗಲೂ ಆರಿರಲಿಲ್ಲ. ಮನುಷ್ಯ ಕೆಟ್ಟವರಲ್ಲ. ಆದರೆ ಕೈಗೊಂದು ಹಾರ, ಬಾಯಿಗೊಂದು ಮೈಕು ಸಿಕ್ಕಿತೋ, ಎದುರಿಗಿರುವುದು ಯಾರು ಅಂತ ನೋಡುವಷ್ಟೂ ತಾಳ್ಮೆ ಇರುವುದಿಲ್ಲ. ಹೋದ ವರ್ಷ ಶ್ರೀನಿವಾಸಪುರದಲ್ಲಿ ಹಳೇ ವಿದ್ಯಾರ್ಥಿಗಳ ಸಂಘದ ಸಭೆ ನಡೆದಾಗ, ವೈರು ಸರಿಮಾಡಲು ವೇದಿಕೆ ಹತ್ತಿದ ಮೈಕ್‌ಸೆಟ್ಟಿನವನಿಗೇ ಶಾಲು ಹೊದಿಸಿ, ಜನ ನಕ್ಕ ಮೇಲೆ ಬಿಚ್ಚಿಕೊಂಡರು. ನಮ್ಮ ಕಡೆ ಅವರನ್ನು ಸನ್ಮಾನದ ಮೇಷ್ಟ್ರು ಅಂತಲೇ ಕರೆಯುವುದು.

ಈ ವರ್ಷ ಇನ್ನೂ ಘನಕಾರ್ಯ ಮಾಡಿದ್ದರು. ನಮ್ಮನ್ನು ಒಂದು ಮಾತು ಕೇಳದೆ ಆಹ್ವಾನ ಪತ್ರಿಕೆಯಲ್ಲಿ "ಪಿಯಾನೊ ವಾದನ: ಕುಮಾರಿ ಶ್ವೇತ, ಗೌನಿಪಲ್ಲಿ" ಅಂತ ಅಚ್ಚು ಹಾಕಿಸಿ, ಮೂಲೆಗೆ ಅರಿಶಿನ ಹಚ್ಚಿ, ಮನೆಗೇ ತಂದುಕೊಟ್ಟು, ಕಾಫಿ ಕುಡಿದು ಹೋದರು. ಸಕ್ಕರೆ ಕಮ್ಮಿ ಆಯಿತು ಅಂತಲೂ ಅಂದರು.

ಶ್ವೇತ ನನ್ನ ಮಗಳು. ಕೋಲಾರದ ಹಾಸ್ಟೆಲಿನಲ್ಲಿದ್ದುಕೊಂಡು ಡಿಗ್ರಿ ಓದುವಾಗ ಶೋಭಾರಾಣಿ ಮಿಸ್ ಹತ್ತಿರ ಪಿಯಾನೊ ಕಲಿತಳು. ಮಿಸ್ ಅಲ್ಲಿನ ಒಂದು ಚರ್ಚಿನಲ್ಲಿ ನಲವತ್ತು ವರ್ಷ ನುಡಿಸಿದವರು. ವಯಸ್ಸಾಗಿ ಬೆರಳುಗಳು ಸೊಟ್ಟಗಾದಾಗ, ಮನೆಯಲ್ಲಿದ್ದ ಕರೆಂಟಿನ ಪಿಯಾನೊವನ್ನು "ನುಡಿಸೋರ ಹತ್ರ ಇರ್ಲಿ" ಅಂತ ನಮ್ಮ ಮನೆಗೆ ಕಳಿಸಿಕೊಟ್ಟರು. ಆರ್ಕೆಸ್ಟ್ರಾದವರ ಕೀಬೋರ್ಡಿನ ಥರ ಸಣ್ಣದಲ್ಲ, ಮಂಚದಷ್ಟು ಉದ್ದ.

ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಹಾಲಿನಲ್ಲಿ ಮಿಸ್ಸಿನ ಶಿಷ್ಯರೆಲ್ಲ ಸೇರಿ ಕಾರ್ಯಕ್ರಮ ಕೊಟ್ಟರು. ಶ್ವೇತ ಒಂದು ವಾಲ್ಟ್ಜ್ ನುಡಿಸಿದಳು. ಗಂಡು ಹೆಣ್ಣು ಕೈ ಹಿಡಿದು ಸುತ್ತುತ್ತಾ ಕುಣಿಯಲು ಯುರೋಪಿನವರು ಮಾಡಿಕೊಂಡ ಸಂಗೀತವಂತೆ ಅದು. ಇದನ್ನು ಬರೆದಾತ ಮಾತ್ರ ಕುಣಿಯಲಿಕ್ಕಲ್ಲ, ಕೂತು ಕೇಳಲಿಕ್ಕೆ ಬರೆದನಂತೆ, ನೂರೆಂಬತ್ತು ವರ್ಷದ ಹಿಂದೆ. ಅದರ ನಡುವೆ ಒಂದು ಜಾಗ ಇದೆ. ರಾಗ ಏರುತ್ತಾ ಏರುತ್ತಾ ಹೋಗಿ ಫಕ್ಕನೆ ನಿಂತುಬಿಡುತ್ತದೆ. ನಾಲ್ಕು ಎಣಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಮೊದಲಿನ ರಾಗವೇ ಮೆಲ್ಲಗೆ ವಾಪಸ್ ಬರುತ್ತದೆ. ಬೆಂಗಳೂರಿನಲ್ಲಿ ಅದು ಬರಲಿಲ್ಲ. ನಾಲ್ಕಾಯಿತು, ಹತ್ತಾಯಿತು, ನಲವತ್ತಾಯಿತು. ನನ್ನ ಮಗಳು ಕೈ ಎತ್ತಿಕೊಂಡೇ ಕೂತಿದ್ದು, ಕೊನೆಗೆ ಎದ್ದು ಒಳಗೆ ಹೋದಳು. ಅಲ್ಲಿದ್ದವರು ಮರ್ಯಾದಸ್ಥರು, ಪಾಪ ಅಂತ ಚಪ್ಪಾಳೆ ತಟ್ಟಿದರು.

ಆಮೇಲಿಂದ ಅವಳು ಕೋಣೆಯ ಬಾಗಿಲು ಹಾಕಿಕೊಂಡೇ ನುಡಿಸುವುದು. ಒಳಗೆ ನಾವು ಹೋದರೆ ನಿಲ್ಲಿಸಿಬಿಡುತ್ತಾಳೆ. ನಾನು ಹೊರಗೆ ಬಟ್ಟೆ ಮಡಿಸುವ ನೆಪದಲ್ಲೋ, ರಾಗಿ ಕೇರುವ ನೆಪದಲ್ಲೋ ನಿಂತಿರುತ್ತಿದ್ದೆ. ಆ ಜಾಗ ಬಂದರೆ ಎಣಿಸುತ್ತಿದ್ದೆ. ಒಂದು, ಎರಡು, ಮೂರು, ನಾಲ್ಕು. ರಾಗ ವಾಪಸ್ ಬಂದ ಮೇಲೆ ನನ್ನ ಕೆಲಸಕ್ಕೆ ಹೋಗುತ್ತಿದ್ದೆ. ಇದನ್ನು ಅವಳಿಗೂ ಹೇಳಿರಲಿಲ್ಲ, ನಮ್ಮ ಯಜಮಾನರಿಗೂ ಹೇಳಿರಲಿಲ್ಲ.

ಮೇಷ್ಟ್ರ ಪತ್ರಿಕೆಯನ್ನು ಅವಳು ಬಹಳ ಹೊತ್ತು ಹಿಡಿದುಕೊಂಡು ಕೂತಳು. ನಾನು ಸೆರಗು ಸಿಕ್ಕಿಸಿಕೊಂಡು, "ಈಗ್ಲೇ ಹೋಗಿ ಅವ್ರಿಗೆ ಚಳಿ ಬಿಡಿಸ್ತೀನಿ ನೋಡು" ಅಂತ ಹೊರಟೆ.

"ಬೇಡಮ್ಮ," ಅಂದಳು. "ನುಡಿಸ್ತೀನಿ. ಅಲ್ಲೂ ನಿಂತೋದ್ರೆ ಪಿಯಾನೊನ ಮಿಸ್‌ಗೆ ವಾಪಸ್ ಕಳಿಸ್ಬಿಡೋಣ. ನುಡಿಸೋರ ಹತ್ರ ಇರ್ಲಿ ಅಂದಿದ್ರು ಅವ್ರು. ಬಾಗ್ಲು ಹಾಕ್ಕೊಂಡು ನುಡಿಸೋದನ್ನ ನುಡಿಸೋದು ಅನ್ನಲ್ಲ."

ಅವಳು ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು.

ಸಭೆಯ ದಿನ ಪಿಯಾನೊವನ್ನು ಎರಡು ರಗ್ಗಿನಲ್ಲಿ ಸುತ್ತಿ, ಮಾವಿನಹಣ್ಣಿಗೆ ಹಾಕುವ ಒಣಹುಲ್ಲನ್ನು ಟೆಂಪೊದಲ್ಲಿ ಹಾಸಿ ಮಲಗಿಸಿದೆವು. ನಮ್ಮ ಯಜಮಾನರು ಸುಬ್ಬರಾಯಪ್ಪನವರು ಹಿಂದೆ ಹತ್ತಿ, ಗೌನಿಪಲ್ಲಿಯಿಂದ ಶ್ರೀನಿವಾಸಪುರದ ತನಕ ಅದನ್ನು ತಬ್ಬಿಕೊಂಡು ಬಂದರು. ದಾರಿಯ ಎರಡೂ ಕಡೆ ಮಾವು ಹೂ ಬಿಟ್ಟಿತ್ತು. ಬೇರೆ ದಿನವಾಗಿದ್ದರೆ ಯಾವ ತೋಟದಲ್ಲಿ ಹೂ ಎಷ್ಟು ಅಂತ ದಾರಿಯುದ್ದಕ್ಕೂ ಹೇಳುತ್ತಾ ಬರುವ ಮನುಷ್ಯ ಅವತ್ತು ತುಟಿಪಿಟಿಕ್ ಅನ್ನಲಿಲ್ಲ. ಶ್ವೇತ ನನ್ನ ಪಕ್ಕ ಕೂತು ತೊಡೆಯ ಮೇಲೆ ಬೆರಳು ಆಡಿಸುತ್ತಿದ್ದಳು.

ಕಲ್ಯಾಣ ಮಂಟಪದಲ್ಲಿ ಮುನ್ನೂರು ಜನ ಇದ್ದರು. ಸ್ವಾಗತ, ಪ್ರಾಸ್ತಾವಿಕ, ದೀಪ, ಭಾಷಣ, ಭಾಷಣದ ಮೇಲೆ ಭಾಷಣ. ನನ್ನ ಪಕ್ಕದಲ್ಲಿ ಚಿಕ್ಕಗಂಗಮ್ಮತ್ತೆ ಕೂತಿದ್ದರು, ಯಜಮಾನರ ಸೋದರತ್ತೆ. ಎಂಬತ್ತು ದಾಟಿದೆ, ಆದರೂ ಊಟ ಇರುವ ಯಾವ ಸಭೆಯನ್ನೂ ಬಿಟ್ಟವರಲ್ಲ. ಶ್ವೇತಳ ಹೆಸರು ಕೂಗುವ ಹೊತ್ತಿಗೆ ಸರಿಯಾಗಿ ಯಜಮಾನರು ಎದ್ದರು.

"ಎಲ್ಲಿಗ್ರೀ?" ಅಂದೆ.

"ಅಡುಗೆ ಏನಾಯ್ತು ನೋಡ್ಕೊಂಡ್ ಬರ್ತೀನಿ."

ಊಟ ಹಾಕಿಸುತ್ತಿದ್ದವರು ನಾವಲ್ಲ, ಅಡುಗೆಯವರು ನಮ್ಮವರಲ್ಲ. ಆದರೂ ಬಿಟ್ಟೆ. ಆ ಮನುಷ್ಯನಿಗೆ ಕೂತು ಕೇಳುವ ಧೈರ್ಯ ಇರಲಿಲ್ಲ. ಎದ್ದು ಹೋಗಲು ಒಂದು ಅಡುಗೆಮನೆ ಸಿಕ್ಕಿತಲ್ಲ ಅಂತ ಹೊಟ್ಟೆಕಿಚ್ಚೂ ಆಯಿತು.

ಶ್ವೇತ ಅದೇ ವಾಲ್ಟ್ಜ್ ಶುರು ಮಾಡಿದಳು. ಮೊದಲು ಯಾರೂ ಕಿವಿಗೊಡಲಿಲ್ಲ. ಮುಂದಿನ ಸೋಫಾದ ದೊಡ್ಡ ಮನುಷ್ಯರು ಮೊಬೈಲ್ ನೋಡುತ್ತಿದ್ದರು. ಹಿಂದೆ ಒಬ್ಬಾಕೆ, "ಯಾವ ಪಿಕ್ಚರ್‌ದು ಇದು?" ಅಂತ ಇನ್ನೊಬ್ಬಳನ್ನು ಕೇಳಿದಳು. ಅವಳು, "ಹಳೇದಿರ್ಬೇಕು, ಹಾಡೋರು ಇನ್ನೂ ಬಂದಿಲ್ಲ" ಅಂದಳು. ತಿರುಗಿ ಒಂದು ಮಾತು ಅಂದುಬಿಡೋಣ ಅನ್ನಿಸಿತು. ಅಷ್ಟರಲ್ಲಿ ಚಿಕ್ಕಗಂಗಮ್ಮತ್ತೆ ನನ್ನ ತೋಳು ಹಿಡಿದರು.

"ಭಾರ್ತೀ, ಇದು ಮೂರು ಜನ ಸೇರಿ ಒನಕೆ ಹಾಕ್ದಂಗೈತೆ ಕಣೇ. ಒಬ್ಳು ಜೋರು, ಇಬ್ರು ಮೆತ್ತಗೆ."

ವಾಲ್ಟ್ಜಿಗೆ ಮೂರು ಪೆಟ್ಟಿನ ತಾಳ ಅಂತ ಅತ್ತೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಧಂ, ತಕ, ತಕ. ಎಡಗೈಯಲ್ಲಿ ನನ್ನ ಮಗಳು ಕುಟ್ಟುತ್ತಿದ್ದದ್ದು ಅದನ್ನೇ. ಅತ್ತೆಯ ತಲೆ ಆ ಕಡೆ ಈ ಕಡೆ ತೂಗಲು ಶುರುವಾಯಿತು. ಅವರ ಮುಂದೆ ಕೂತಿದ್ದ ಹೈಸ್ಕೂಲ್ ಹುಡುಗಿಯರು ಅದನ್ನು ನೋಡಿ ನಕ್ಕು, ಆಮೇಲೆ ತಾವೂ ತೂಗಿದರು. ಸೋಫಾದಲ್ಲಿ ಮಾವಿನ ಮಂಡಿ ಮಾಲೀಕರು ಭೀಮರಾಜ್ ಮೊಬೈಲ್ ಕೆಳಗಿಟ್ಟು ಬೆರಳಲ್ಲಿ ಮೊಣಕಾಲು ತಟ್ಟಿಕೊಂಡರು. ಹಿಂದಿನ ಹೆಂಗಸರು ಸುಮ್ಮನಾದರು. ಅವರಿಗೆಲ್ಲ ಹಿಡಿಸುತ್ತಿತ್ತು. ನನಗೆ ಮಾತ್ರ ಒಂದೂ ಕಿವಿಗೆ ಬೀಳುತ್ತಿರಲಿಲ್ಲ. ಆ ಜಾಗ ಹತ್ತಿರ ಬರುತ್ತಿತ್ತು.

ರಾಗ ಏರಿತು. ಇನ್ನೂ ಏರಿತು. ನಿಂತಿತು.

ಒಂದು. ಎರಡು. ಮೂರು. ನಾಲ್ಕು.

ಐದು.

ಅವಳ ಕೈ ಗಾಳಿಯಲ್ಲಿತ್ತು. ಆರು. ಬೆಂಗಳೂರಿನಲ್ಲಿ ಇದ್ದ ಹಾಗೇ ಇತ್ತು. ಏಳು. ಎದ್ದು ಕೂಗಬೇಕು ಅನ್ನಿಸಿತು, ಕೂಗಿ ಏನು ಹೇಳಲಿ? ಎಂಟು.

"ಅದ್ಭುತ! ಜೋರಾಗಿ ಚಪ್ಪಾಳೆ ಬರ್ಲಿ!"

ಮೈಕಿನಲ್ಲಿ ವೇಣುಗೋಪಾಲ್ ಮೇಷ್ಟ್ರು. ಸದ್ದು ನಿಂತಿದ್ದೇ ತಡ, ಮುಗಿಯಿತು ಅಂತ ತೀರ್ಮಾನ ಮಾಡಿಬಿಟ್ಟಿದ್ದರು. ಮುನ್ನೂರು ಜನ ಚಪ್ಪಾಳೆ ಹೊಡೆದರು. ಮೇಷ್ಟ್ರು ಒಂದು ಕೈಯಲ್ಲಿ ಹಣ್ಣಿನ ತಟ್ಟೆ, ಹೆಗಲ ಮೇಲೆ ಶಾಲು, ಇನ್ನೊಂದು ಕೈಯಲ್ಲಿ ಮೈಸೂರು ಪೇಟ ಹಿಡಿದು ದಡದಡ ಅಂತ ವೇದಿಕೆಯ ಆ ತುದಿಯಿಂದ ಈ ತುದಿಗೆ ಬಂದರು. ನಾನು ಕುರ್ಚಿಯಿಂದ ಅರ್ಧ ಎದ್ದಿದ್ದೆ. ಇವತ್ತು ಈ ಮನುಷ್ಯನನ್ನು ಬಿಡಬಾರದು ಅಂದುಕೊಂಡೆ. ಅಷ್ಟರಲ್ಲಿ ಪೇಟ ನನ್ನ ಮಗಳ ತಲೆಯ ಮೇಲೆ ಕೂತಾಗಿತ್ತು.

ಕೂತಿತು ಅನ್ನುವುದೂ ತಪ್ಪು. ಅದು ಮುಖ್ಯ ಅತಿಥಿಗಳ ತಲೆಯ ಅಳತೆಗೆ ತಂದದ್ದು. ಸೀದಾ ಇಳಿದು ಅವಳ ಮೂಗಿನ ಮೇಲೆ ನಿಂತಿತು.

ಒಂದು ಗಳಿಗೆ ಅವಳು ಅಲ್ಲಾಡಲಿಲ್ಲ. ಆಮೇಲೆ ಪೇಟದ ಕೆಳಗಿನಿಂದ ಒಂದು ಸದ್ದು ಬಂತು. ಅಳುತ್ತಿದ್ದಾಳೆ ಅಂದುಕೊಂಡೆ. ಭುಜ ಕುಣಿಯುವುದು ನೋಡಿದ ಮೇಲೆ ಗೊತ್ತಾಯಿತು, ನಗುತ್ತಿದ್ದಳು. ಎರಡು ವರ್ಷದಿಂದ ಆ ಪಿಯಾನೊ ಮುಂದೆ ಕೂತು ಅವಳು ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಒಂದು ಬೆರಳಲ್ಲಿ ಪೇಟವನ್ನು ಹುಬ್ಬಿನ ಮೇಲಕ್ಕೆ ತಳ್ಳಿದಳು. ಮೇಷ್ಟ್ರ ಕಡೆ ನೋಡಿ, "ಸರ್, ಇನ್ನೂ ಇದೆ" ಅಂದಳು. ಪಿಯಾನೊಗೆ ಇಟ್ಟಿದ್ದ ಮೈಕು ಹತ್ತಿರದಲ್ಲೇ ಇದ್ದದ್ದರಿಂದ ಅದು ಮಂಟಪಕ್ಕೆಲ್ಲ ಕೇಳಿಸಿತು.

ಜನ ಗೊಳ್ಳೆಂದು ನಕ್ಕರು. ಆ ನಗುವಿನ ಒಳಗೇ ರಾಗ ವಾಪಸ್ ಬಂತು.

ಮೆಲ್ಲಗೆ ಬಂತು, ಬರಬೇಕಾದ ಹಾಗೇ ಬಂತು. ನಾನು ಧೊಪ್ಪನೆ ಕೂತೆ. ಅಮ್ಮಾ ತಾಯಿ, ಬಂತಲ್ಲ ಅಂದುಕೊಂಡು ಸೆರಗಲ್ಲಿ ಮುಖ ಒರೆಸಿದೆ, ಒರೆಸಿದಷ್ಟೂ ಕಣ್ಣು ತುಂಬಿತು. ಅದುವರೆಗೂ ಎಣಿಸಿದ್ದೇ ಬಂತು, ಆ ವಾಲ್ಟ್ಜನ್ನು ನಾನು ಕೇಳಿದ್ದು ಆವತ್ತೇ ಮೊದಲು. ಎಷ್ಟು ಚೆನ್ನಾಗಿತ್ತು ಅಂತ ಹೇಳಲಿಕ್ಕೆ ನನಗೆ ಬರುವುದಿಲ್ಲ.

ಮೇಷ್ಟ್ರ ಪಾಡು ಕೇಳಬೇಡಿ. ವಾಪಸ್ ಹೋದರೆ ಅವಮಾನ, ನಿಂತರೆ ಕೈ ನೋವು. ಮೂಸಂಬಿ, ಸೇಬು ತುಂಬಿದ ತಟ್ಟೆ ಹಿಡಿದು, ಶಾಲು ಹೆಗಲಿಗೇರಿಸಿ, ಅವಳ ಪಕ್ಕದಲ್ಲಿ ಮುಗಿಯುವ ತನಕ ನಿಂತೇ ಇದ್ದರು. ನೋಡುತ್ತಾ ನೋಡುತ್ತಾ ಅವರ ತಟ್ಟೆಯೂ ತೂಗಲು ಶುರುವಾಯಿತು. ಒಂದು ಮೂಸಂಬಿ ಉರುಳಿ ಸೋಫಾದ ತನಕ ಹೋಯಿತು.

ಕೊನೆಗೆ ನಿಜವಾಗಿಯೂ ಮುಗಿದಾಗ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರಿಗೂ ಭಯ. ಜನ ಮೇಷ್ಟ್ರ ಮುಖ ನೋಡಿದರು, ಮೇಷ್ಟ್ರು ಶ್ವೇತಳ ಮುಖ ನೋಡಿದರು. ಚಿಕ್ಕಗಂಗಮ್ಮತ್ತೆ ತೆಲುಗು ಬೆರೆಸಿ ಗಟ್ಟಿಯಾಗಿಯೇ ಕೇಳಿದರು, "ಏಂ ತಲ್ಲೀ, ಈ ಸಲ ಮುಗೀತೋ, ಇನ್ನೂ ಐತೋ?"

ಶ್ವೇತ ಎದ್ದು ನಿಂತು, ಪೇಟ ಸಮೇತ ಕೈ ಮುಗಿದಳು. ಆಗ ಬಂತು ನೋಡಿ ಚಪ್ಪಾಳೆ. ಹಿಂದಿನ ಸಾಲಿನಿಂದ ಒನ್ಸ್ ಮೋರ್ ಅಂದರು. ಯಜಮಾನರು ಅಡುಗೆಮನೆ ಬಾಗಿಲಲ್ಲಿ ಕಾಣಿಸಿಕೊಂಡರು. ಅವರ ಹಿಂದೆ ಅಡುಗೆಯವರು ನಾಲ್ಕು ಜನ, ಸೌಟು ಹಿಡಿದುಕೊಂಡೇ ಬಂದಿದ್ದರು. ಪಾತ್ರೆ ಸದ್ದು ಮಾಡಬೇಡಿ ಅಂತ ಅವರನ್ನೆಲ್ಲ ಅಷ್ಟು ಹೊತ್ತು ಗದರಿಸಿ ಕೂರಿಸಿದ್ದರಂತೆ. ಅನ್ನ ಸ್ವಲ್ಪ ತಳ ಹಿಡಿದಿತ್ತು.

ಊಟಕ್ಕೆ ಕೂತಾಗ ಮೇಷ್ಟ್ರು ಪೇಟ ವಾಪಸ್ ಕೇಳಲು ಬಂದರು. ಅದು ಒಂದೇ ಇದ್ದದ್ದು, ಮುಖ್ಯ ಅತಿಥಿಗಳಿಗೆ ಬರೀ ಶಾಲಿನಲ್ಲಿ ಮುಗಿಸಬೇಕಾಗಿತ್ತು. "ತಪ್ಪಾಯ್ತು ಭಾರತಮ್ಮ, ನಂಗೆ ಮುಗೀತು ಅನ್ನಿಸ್ಬಿಡ್ತು," ಅಂದರು. ಮೂರು ವಾರದಿಂದ ಕಟ್ಟಿಟ್ಟುಕೊಂಡಿದ್ದ ಬೈಗುಳ ಒಂದೂ ನಾಲಗೆಗೆ ಬರಲಿಲ್ಲ. ನನ್ನ ಎಲೆಯ ಲಾಡು ತೆಗೆದು ಅವರ ಕೈಗೆ ಕೊಟ್ಟೆ. ಪೇಟ ಮಾತ್ರ ಕೊಡಲಿಲ್ಲ.

ವಾಪಸ್ ಬರುವಾಗ ಯಜಮಾನರು ಹಿಂದೆ ಹುಲ್ಲಿನ ಮೇಲೆ ಕೂತು, ಯಾರ ತೋಟದಲ್ಲಿ ಹೂ ಎಷ್ಟಿದೆ ಅಂತ ಕೂಗಿ ಕೂಗಿ ಹೇಳುತ್ತಿದ್ದರು. ಶ್ವೇತಳ ತೊಡೆಯ ಮೇಲೆ ಪೇಟ ಇತ್ತು. ಅರ್ಧ ದಾರಿ ಕಳೆದ ಮೇಲೆ, ರಸ್ತೆ ನೋಡುತ್ತಲೇ ಅಂದಳು.

"ಅಮ್ಮ, ನಾನು ನಿಂತಿದ್ದು ಅವ್ರು ಬಂದಿದ್ದಕ್ಕಲ್ಲ. ಅವ್ರು ಬರೋಕೆ ಮುಂಚೆನೇ ನಂಗೆ ಮರ್ತೋಗಿತ್ತು. ಅಲ್ಲಿ ಬಿಡೋದು ನಾಲ್ಕೇ..."

"ಎಂಟಾಗಿತ್ತು," ಅಂದೆ.

ನನ್ನ ಕಡೆ ತಿರುಗಿದಳು. "ನಿಂಗೆ ಹೆಂಗೊತ್ತು?"

ಇನ್ನೇನು ಮುಚ್ಚಿಡುವುದು. "ಎರಡು ವರ್ಷದಿಂದ ಎಣಿಸ್ತಾ ಇದೀನಲ್ಲೇ. ಬಾಗ್ಲ ಹೊರಗೆ ನಿಂತ್ಕೊಂಡು."

ಅವಳು ಪೇಟದ ಜರಿಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಟೆಂಪೊ ನಮ್ಮೂರ ತಿರುವಿಗೆ ಬಂದಾಗ ನನ್ನ ಭುಜಕ್ಕೆ ತಲೆ ಆನಿಸಿದಳು.

"ನಾಳೆಯಿಂದ ಒಳಗೆ ಬಂದು ಕೂತು ಎಣ್ಸಮ್ಮ," ಅಂದಳು. "ಮಂಚದ ಮೇಲಿರೋ ಬಟ್ಟೆನೆಲ್ಲ ತೆಗೆದು ಜಾಗ ಮಾಡಿರ್ತೀನಿ."