ಮೆಟ್ಟಿಲ ಮೇಲೆ ಅಶಿಲನ ಟೋಪಿ

ಕೈ ಖಾಲಿಯಾದರೆ ಬಾಯಿ ಜೋರು. (ಗಾದೆ ಹೀಗಿಲ್ಲ, ಗೊತ್ತು. ಜೂಜುಕೋರನ ಕಥೆಯಲ್ಲಿ ಗಾದೆಯೂ ನೆಟ್ಟಗಿರುವುದಿಲ್ಲ. ಕಥೆ ಮಾತ್ರ ಸತ್ಯ, ಆಣೆ.) ಶುರು ಎಲ್ಲಿಂದ? ತಿಜೋರಿಯಿಂದಲೋ, ಸೂಪಿನಿಂದಲೋ?

1. ತಿಜೋರಿಯಿಂದ. ನಾರ್ಮಂಡಿಯ ಕಡಲೂರೊಂದರ ಕ್ಯಾಸಿನೋದಲ್ಲಿ ಶನಿವಾರ ಸಂಜೆ ನಾಲ್ಕಕ್ಕೆ ತಿಜೋರಿ ತೆರೆಯುತ್ತಾರೆ. ಅದನ್ನು ದೋಚುವುದು ಮುದಿ ಜೂಜುಕೋರ ಅಶಿಲನ ಯೋಜನೆ. ಅವನು ಒಳಹೊಕ್ಕು, ತಿಜೋರಿ ತೆರೆದದ್ದನ್ನು ಕಂಡು, ಹೊರಗೆ ಮೆಟ್ಟಿಲ ಮೇಲೆ ಬಂದು ಸನ್ನೆಯಾಗಿ ಟೋಪಿ ತೆಗೆಯಬೇಕು. ಎದುರಿನ ಕಾರಿನಲ್ಲಿ ಕಾದಿರುವ ಗೆಳೆಯ ಫೆರ್ನಾಂ ಪಿಸ್ತೂಲು ಹಿಡಿದು ನುಗ್ಗಬೇಕು. (ಮೊದಲ ಕರಡಿನಲ್ಲಿ ಪಿಸ್ತೂಲು ಇರಲಿಲ್ಲ. ಫೆರ್ನಾಂ ಒಪ್ಪಲಿಲ್ಲ.) ಜೀವಮಾನವಿಡೀ ಸೋತ ಅಶಿಲನಿಗೆ ಇದೊಂದನ್ನಾದರೂ ಗೆಲ್ಲಬೇಕಿತ್ತು.

2. ಸೂಪಿನಿಂದ. ನಾಲ್ಕು ತಿಂಗಳು ಪಿತೂರಿ ನಡೆದದ್ದು ಅಶಿಲನ ಹೆಂಡತಿ ಓದೆತ್‌ಳ ಅಡುಗೆಮನೆಯ ಮೇಜಿನ ಮೇಲೆ. ಉಪ್ಪಿನ ಡಬ್ಬಿಯೇ ತಿಜೋರಿ, ಬ್ರೆಡ್ಡಿನ ತುಂಡೇ ಕಾರು. ಒಳಗಿನ ನಕ್ಷೆ ಹೇಳಿದವನು ಫೆರ್ನಾಂ. ಓದೆತ್ ಎಲ್ಲ ಕೇಳಿಸಿಕೊಂಡಳು, ಸೂಪು ಬಡಿಸಿದಳು, ತುಟಿ ಬಿಚ್ಚಲಿಲ್ಲ. ಆ ಶನಿವಾರ ಗಂಡನ ಟೈ ಸರಿಮಾಡಿ ಹೇಳಿದ್ದು ಇಷ್ಟೇ:

"ಹೋಗ್ಬನ್ನಿ. ಸೂಪು ಆರೋದ್ರೊಳಗೆ ಬಂದ್ಬಿಡ್ತೀರ."

4. (ಮೂರನ್ನು ಹರಿದೆ. ಅದರಲ್ಲೊಬ್ಬಳು ಸುಂದರಿ ಇದ್ದಳು. ತನ್ನ ಮಂಡಿನೋವನ್ನಾದರೂ ನೋಡಬಾರದೇ ಎಂದು ಅಶಿಲ್ ರೇಗಿದ.)

ಬಾಗಿಲಲ್ಲಿ ಗುರುತಿನ ಚೀಟಿ ಕೇಳಿದರು. ಕೊಟ್ಟ. ಬಾಗಿಲು ಕಾಯುವ ಲ್ಯುಸಿಯೆಂ ದಪ್ಪನೆಯ ಪಟ್ಟಿಯೊಂದನ್ನು ತಿರುವಿ, ಮರುಕದಿಂದ ವಿವರಿಸಿದ: ತಮ್ಮನ್ನು ಯಾವ ಜೂಜಿನ ಕೋಣೆಗೂ ಸೇರಿಸಬಾರದೆಂದು ಎಂಟು ವರ್ಷದ ಹಿಂದೆ ಮುಸ್ಯೂ ಅಶಿಲ್ ತಾವೇ ಸರ್ಕಾರಕ್ಕೆ ಅರ್ಜಿ ಹಾಕಿಕೊಂಡಿದ್ದಾರೆ. ಸರ್ಕಾರ ಒಪ್ಪಿದೆ.

ಅಶಿಲ್ ಕೆಂಡವಾದ. ವೆರ್ದಂ ಯುದ್ಧದಲ್ಲಿ ಕಾದಾಡಿದ, ತೆರಿಗೆ ಕಟ್ಟುವ (ಸುಳ್ಳು) ಮರ್ಯಾದಸ್ಥನಿಗೆ ಈ ಅವಮಾನವೇ? ಇದಕ್ಕೇನಾ ಗಣರಾಜ್ಯ ಅನ್ನುವುದು?

"ನಾನು ಜೂಜಾಡೋಕೆ ಬಂದಿಲ್ಲ ಕಣಯ್ಯ."

"ಮತ್ತೆ ಯಾತಕ್ಕೆ ಬಂದ್ರಿ, ಮುಸ್ಯೂ?"

ಅಶಿಲ್ ಚೀಟಿ ಕಸಿದುಕೊಂಡು ಹೊರಗೆ ತಿರುಗಿದ.

ಮೆಟ್ಟಿಲಿಗೆ ಬಂದವನು ನನ್ನ ಮೇಲೆ ಹರಿಹಾಯ್ದ: "ಇಷ್ಟುದ್ದ ಬರೆದ್ಯಲ್ಲ, ಮೊದಲೇ ಬೊಗಳೋಕೆ ಏನಾಗಿತ್ತು?" (ನನಗೂ ಗೊತ್ತಿರಲಿಲ್ಲ ಮಾರಾಯ. ಗೊತ್ತಿದ್ದದ್ದು ಓದೆತ್ ಒಬ್ಬಳಿಗೇ. ಆ ಅರ್ಜಿ ಮದುವೆಗೆ ಅವಳು ಹಾಕಿದ್ದ ಷರತ್ತು. ಸಹಿ ಹಾಕಿದ, ಮರೆತ, ಅಂದಿನಿಂದ ಹೋಟೆಲುಗಳ ಹಿಂಕೋಣೆಗಳಲ್ಲೇ ಆಡುತ್ತ ಬಂದ.)

ಅಂತ್ಯ ಒಂದು: ಮನೆಗೆ ಹೋಗಿ ಹೆಂಡತಿಯೊಡನೆ ಜಗಳ. (ಅವನು ಒಲ್ಲೆ ಎಂದ. ಅಲ್ಲೂ ಸೋಲೇ.) ಅಂತ್ಯ ಎರಡು: ಪೊಲೀಸರು. (ನಾನು ಒಲ್ಲೆ.)

ಅಷ್ಟರಲ್ಲಿ ಅವನಿಗೆ ಸೂಪು ನೆನಪಾಯಿತು. ನಾಲ್ಕು ತಿಂಗಳು ಅವಳು ತುಟಿ ಕಚ್ಚಿ ಸೌಟು ತಿರುವಿದ್ದು ನೆನಪಾಯಿತು. ನಗು ಒದ್ದುಕೊಂಡು ಬಂತು. ಅವನನ್ನು ನೋಡಿ ಲ್ಯುಸಿಯೆಂ ನಕ್ಕ, ನಾನೂ ನಕ್ಕೆ. ಅಶಿಲ್ ಹೊಟ್ಟೆ ಹಿಡಿದು ಬಾಗಿದ. ಟೋಪಿ ಜಾರಿ ಬಿತ್ತು.

ಎದುರಿನ ಕಾರಿನ ಬಾಗಿಲು ತೆರೆಯಿತು.

(ಮುಂದೆ ಬರೆಯಲಾರೆ, ಏನು ಮಾಡ್ಕೋತೀರೋ ಮಾಡ್ಕೊಳ್ಳಿ.) ಅಶಿಲ್ ಅದನ್ನಿನ್ನೂ ನೋಡಿಲ್ಲ. ಎಲ್ಲರಿಗಿಂತ ಜೋರಾಗಿ ನಗುತ್ತಲೇ ಇದ್ದಾನೆ.