ಹಲಗೆ ನಿಂತ ಜಾಗ

ಮೊದಲನೆಯ ಅಂಗಡಿಯ ಗರಗಸ ಕಿವಿ ಕಿತ್ತುಹೋಗುವಷ್ಟು ಸದ್ದು ಮಾಡುತ್ತದೆ ಎಂದಳು. ಎರಡನೆಯ ಅಂಗಡಿಯದರ ಕಾಲು ಅಲ್ಲಾಡುತ್ತದೆ ಎಂದಳು. ಮೂರನೆಯ ಅಂಗಡಿಯ ಮೆಟ್ಟಿಲು ಹತ್ತುವಾಗ, ಇನ್ನೂ ಯಂತ್ರದ ಮುಖವನ್ನೇ ನೋಡಿಲ್ಲ, ಇದಕ್ಕೇನು ಕೊಂಕು ತೆಗೆಯಲಿ ಎಂದು ಯೋಚಿಸುತ್ತಿದ್ದಳು. ಗಂಡ ಮಾತ್ರ ಮುಂದೆ ಮುಂದೆ, ಹುಡುಗನ ಹಾಗೆ. ಅವನ ಜೇಬಿನಲ್ಲಿ ಸ್ಟೀಲಿನ ಅಳತೆಪಟ್ಟಿ ಇತ್ತು. ಅದಿಲ್ಲದೆ ಅವನು ಬಚ್ಚಲಿಗೂ ಹೋಗುವವನಲ್ಲ. ಡಿಪೋದ ಡ್ರೈವರುಗಳೆಲ್ಲ ಸೇರಿ ಅವನನ್ನು ಇಂಚುಪಟ್ಟಿ ಎಂದೇ ಕರೆಯುತ್ತಿದ್ದರು. ಬಸ್ಸನ್ನು ಗೋಡೆ ಪಕ್ಕ ನಿಲ್ಲಿಸಿದರೆ ಒಂದು ಇಂಚು ಆಚೆಯಿಲ್ಲ, ಒಂದು ಇಂಚು ಈಚೆಯಿಲ್ಲ.

ಇಂಚುಪಟ್ಟಿಗೆ ಈಗ ಮೇಜಿನ ಗರಗಸ ಬೇಕಾಗಿತ್ತು. ಮಗಳು ಬಸುರಿ. ಹುಟ್ಟುವ ಮಗುವಿಗೆ ಸುತ್ತ ಮರದ ಕಂಬಿಯಿರುವ ತೊಟ್ಟಿಲುಮಂಚವನ್ನು ತಾನೇ ಮಾಡಿಕೊಡುತ್ತೇನೆಂದು ಬೀಗರೆದುರು ಮಾತು ಕೊಟ್ಟು ಕೂತಿದ್ದ. ಕಂಬಿಗಳೆಲ್ಲ ಒಂದೇ ದಪ್ಪ ಇರಬೇಕು, ನಡುವಿನ ಸಂದೂ ಒಂದೇ ಸಮ ಇರಬೇಕು. ಇಲ್ಲದಿದ್ದರೆ ಮಗುವಿನ ತಲೆ ಸಿಕ್ಕಿಕೊಳ್ಳುತ್ತದೆ. ಕೈಗರಗಸದಲ್ಲಿ ಉದ್ದಕ್ಕೆ ಸೀಳಿದರೆ ಒಂದು ಕಂಬಿ ಹಾವಿನ ಹಾಗೆ, ಇನ್ನೊಂದು ಅದರ ಹೆಂಡತಿಯ ಹಾಗೆ ಬರುತ್ತಿತ್ತು. ಮನೆ ಹಿಂದೆ ಸ್ಕೂಟರ್ ನಿಲ್ಲಿಸುತ್ತಿದ್ದ ಶೆಡ್ಡೇ ಅವನ ಕಾರ್ಖಾನೆ. ಪಾಪದ ಸ್ಕೂಟರ್ ಈಗ ಬಿಸಿಲಲ್ಲಿ ನಿಂತು ಬಣ್ಣ ಕಳೆದುಕೊಳ್ಳುತ್ತಿತ್ತು.

ಅವಳಿಗೆ ಗರಗಸದ ಮೇಲೆ ಹಗೆಯೇನೂ ಇರಲಿಲ್ಲ. ಅವಳ ಹೆದರಿಕೆಯೇ ಬೇರೆ. ಅದನ್ನು ಅವನ ಮುಂದೆ ಬಾಯಿ ಬಿಟ್ಟು ಹೇಳಿರಲಿಲ್ಲ.

ಬೇಸಿಗೆಯಲ್ಲಿ ಒಂದು ಬೆಳಗ್ಗೆ ಅವನು ಲೋಟಕ್ಕೆ ಚಹ ಬಗ್ಗಿಸಿಕೊಳ್ಳುತ್ತ, "ನಾಳೆ ಬರುವಾಗ" ಎಂದವನು ಹಾಗೇ ನಿಂತುಬಿಟ್ಟ. ಕಣ್ಣು ತೆರೆದೇ ಇತ್ತು, ಅದರೊಳಗೆ ಯಾರೂ ಇರಲಿಲ್ಲ. ತುಟಿ ಏನನ್ನೋ ಮೆಲ್ಲುವಂತೆ ಆಡುತ್ತಿತ್ತು. ಎಡಗೈ ಅಂಗಿಯ ಮೇಲೆ ಗುಂಡಿ ಹುಡುಕುವಂತೆ ತಡಕಾಡುತ್ತಿತ್ತು. ಚಹ ಲೋಟ ತುಂಬಿ ಮೇಜಿನ ಮೇಲೆ ಹರಿದು ನೆಲಕ್ಕೆ ಸುರಿಯಿತು. ಆಮೇಲೆ, "ಮೊಳೆ ತರ್ಬೇಕು" ಎಂದು ಮಾತು ಮುಗಿಸಿ, "ಅಯ್ಯೋ, ಇದ್ಯಾರು ಚೆಲ್ಲಿದ್ದು?" ಎಂದು ಅವಳನ್ನೇ ಕೇಳಿದ. ನಡುವೆ ತಾನೆಲ್ಲೋ ಹೋಗಿ ಬಂದದ್ದು ಅವನಿಗೆ ಗೊತ್ತೇ ಇರಲಿಲ್ಲ.

ಇನ್ನೊಮ್ಮೆ ಬಟ್ಟೆ ಒಣಹಾಕುವಾಗ ಹಾಗೆಯೇ ಆಯಿತು. ಮತ್ತೊಮ್ಮೆ ಶೆಡ್ಡಿನಲ್ಲಿ, ಕೈಗರಗಸ ಮರದೊಳಗೆ ಅರ್ಧ ಇಳಿದಿದ್ದಾಗ. ಅತ್ತೆಯ ಹತ್ತಿರ ಸುಮ್ಮನೆ ಮಾತಿಗೆಂಬಂತೆ ಕೇಳಿ ನೋಡಿದಳು.

"ಅವ್ನು ಚಿಕ್ಕೋನಿದ್ದಾಗ್ಲಿಂದ್ಲೂ ಹಾಗೇ ಕಣೇ, ಯೋಚ್ನೆ ಬಂದ್ರೆ ಮುಳುಗೇ ಹೋಗ್ತಾನೆ. ಲೆಕ್ಕದ ತಲೆ ಅವ್ನದು!" ಎಂದು ಅತ್ತೆ ಬೀಗಿದರು.

ಅವಳಿಗೆ ಬೇಕಾಗಿದ್ದದ್ದೂ ಅಂಥದೇ ಒಂದು ಮಾತು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು. ಡಾಕ್ಟರ ಹತ್ತಿರ ಹೋದರೆ ಅವರು ಏನಾದರೊಂದು ಹೆಸರು ಹೇಳುತ್ತಾರೆ. ಹೆಸರು ಬಂದ ಮೇಲೆ ಅದು ಮನೆಯಲ್ಲಿ ಒಬ್ಬ ಮನುಷ್ಯನ ಹಾಗೆ ಬಂದು ಕೂರುತ್ತದೆ. ಹೀಗೆ ತನಗೆ ತಾನೇ ಸಮಜಾಯಿಷಿ ಹೇಳಿಕೊಂಡು ಬೇಸಿಗೆ ಕಳೆದಳು. ಎಂಥ ಜಾಣೆ!

ಆದರೆ ಗರಗಸದ ಮಾತು ಬಂದ ದಿನದಿಂದ ಆ ಸಮಜಾಯಿಷಿ ನಡೆಯಲಿಲ್ಲ. ಗಿರ್ರನೆ ತಿರುಗುವ ಹಲ್ಲು, ಅದರ ಪಕ್ಕ ಗುಂಡಿ ಹುಡುಕುವ ಆ ಎಡಗೈ. ತುತ್ತು ಎತ್ತಿದರೂ ಅದೇ, ಕಣ್ಣು ಮುಚ್ಚಿದರೂ ಅದೇ. ಗರಗಸವೊಂದು ಹೊಸಿಲು ದಾಟದಂತೆ ನೋಡಿಕೊಂಡರೆ ಸಾಕು, ಬೆರಳು ಉಳಿಯುತ್ತವೆ ಎಂದು ತೀರ್ಮಾನಿಸಿದಳು. ಅದಕ್ಕೇ ಎಂದೂ ಕಬ್ಬಿಣದಂಗಡಿಗೆ ಕಾಲಿಡದವಳು ಅವನ ಬೆನ್ನು ಹತ್ತಿ ಅಂಗಡಿ ಅಂಗಡಿ ಸುತ್ತುತ್ತಿದ್ದಳು.

ಮೂರನೆಯ ಅಂಗಡಿ ಉದ್ದನೆಯ ಓಣಿಯ ಹಾಗಿತ್ತು. ಎರಡೂ ಕಡೆ ಡ್ರಿಲ್ಲು, ಗ್ರೈಂಡರು, ಸುರುಳಿ ಸುತ್ತಿದ ವೈರು. ಎಲ್ಲದರ ಮೇಲೂ ಎಣ್ಣೆಯ ವಾಸನೆ. ಕೊನೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಗರಗಸ ನಿಂತಿತ್ತು. ಅಂಗಡಿಯವನು ದಪ್ಪನೆಯ ನಗುಮುಖದ ಮನುಷ್ಯ, ಯಂತ್ರವನ್ನು ಎಮ್ಮೆಯ ಬೆನ್ನು ತಟ್ಟಿದಂತೆ ತಟ್ಟಿದ.

"ನೋಡಿ ಸಾರ್, ಅಲ್ಲಾಡಲ್ಲ, ಹೊಯ್ದಾಡಲ್ಲ. ಬ್ಲೇಡಿನ ಪಕ್ಕದ ಈ ಪಟ್ಟಿಗೆ ಹಲಗೆ ಒತ್ತಿ ತಳ್ತಾ ಹೋಗಿ, ಎಷ್ಟು ಸಲ ಸೀಳಿದ್ರೂ ಒಂದೇ ಅಳತೆ. ಬ್ಲೇಡಿನ ಹಿಂದೆ ಈ ರೆಕ್ಕೆ ಇದೆಯಲ್ಲ, ಇದು ಮರ ಕಚ್ಚಿಕೊಂಡು ವಾಪಸ್ ಎದೆಗೆ ಹಾರದ ಹಾಗೆ ತಡೆಯುತ್ತೆ."

ಇಂಚುಪಟ್ಟಿ ಅಳತೆಪಟ್ಟಿ ತೆಗೆದು ಬ್ಲೇಡಿಗೂ ಅದರ ಪಕ್ಕದ ಪಟ್ಟಿಗೂ ನಡುವೆ ಮುಂದೊಮ್ಮೆ ಹಿಂದೊಮ್ಮೆ ಇಟ್ಟು ನೋಡಿದ. ಮುಖ ಅರಳಿತು.

"ಮೇಲೆ ಮುಚ್ಚಳ ಇರ್ಬೇಕಲ್ವಾ, ಎಲ್ಲಿ?" ಎಂದಳು.

"ಇದೆ ಅಮ್ಮ, ನಿಮಗೆ ಕಾಣ್ಲಿ ಅಂತ ತೆಗ್ದಿಟ್ಟಿದೀನಿ."

"ನಮ್ಮ ಶೆಡ್ಡಲ್ಲಿ ಇಷ್ಟು ದೊಡ್ಡದು ಹಿಡಿಸಲ್ಲ."

"ಕಾಲು ಮಡಚುತ್ತೆ."

"ದೂಳು?"

"ಹಿಂದೆ ಚೀಲ ಕಟ್ಟಿ."

"ಕೆಂಪು ಬಣ್ಣ ಚೆನ್ನಾಗಿಲ್ಲ."

ಅಂಗಡಿಯವನು ಹೊಟ್ಟೆ ಕುಣಿಸಿ ನಕ್ಕ. "ಅಮ್ಮಾ, ಸೊಸೆ ಹುಡುಕೋರೂ ಇಷ್ಟು ತಪ್ಪು ಹುಡುಕಲ್ಲ! ಸಾರ್, ನೀವೇ ಒಂದ್ಸಲ ಸೀಳಿ ನೋಡಿ. ಆಮೇಲೆ ಮಾತಾಡೋಣ."

ಬೇಡ ಎನ್ನಬೇಕೆಂದು ಬಾಯಿ ತೆರೆದಳು. ಯಾಕೆ ಎಂದು ಕೇಳಿದರೆ ಏನು ಹೇಳುವುದು? ಬಾಯಿ ಮುಚ್ಚಿಕೊಂಡಳು. ಅವನು ಕನ್ನಡಕ ಹಾಕಿಕೊಂಡ, ಬಲಗೈಗೆ ಹಲಗೆ ಮುಂದೂಡುವ ತಳ್ಳುಕೋಲು ತೆಗೆದುಕೊಂಡ, ಎಡಗೈಯನ್ನು ಹಲಗೆಯ ಮೇಲೆ ಚಪ್ಪಟೆಯಾಗಿಟ್ಟ. ಮೇಜಿನ ಮುಂದೆ ಅಂಗೈಯಗಲದ ಕೆಂಪು ಸ್ವಿಚ್ಚಿತ್ತು. ಹಿಂದಿನ ಅಂಗಡಿಯಲ್ಲಿ ಅಂಥದನ್ನೇ ತೋರಿಸಿ ಅವನೇ ಅವಳಿಗೆ ವಿವರಿಸಿದ್ದ, "ಕೈ ಬಿಡುವಿಲ್ಲದಿದ್ರೆ ಮೊಣಕಾಲಲ್ಲಿ ಗುದ್ದಿದ್ರೂ ನಿಲ್ಲುತ್ತೆ" ಎಂದು. ಅವಳು ಒಂದು ಹೆಜ್ಜೆ ಮುಂದೆ ಸರಿದು, ಅದರ ಮೇಲೇ ಕಣ್ಣಿಟ್ಟು ನಿಂತಳು.

ಯಂತ್ರ ಕಿರುಚಿಕೊಂಡು ಎದ್ದಿತು. ಹಲ್ಲುಗಳು ಮಾಯವಾಗಿ ಬರೀ ಒಂದು ಬೂದು ನೆರಳು ಉಳಿಯಿತು. ಹಲಗೆ ಅದರೊಳಗೆ ಬೆಣ್ಣೆಯ ಹಾಗೆ ಹೋಯಿತು.

"ನೋಡಿದ್ಯಾ," ಎಂದು ಅವನು ಸದ್ದಿನ ಮೇಲೆ ಕೂಗಿದ, "ಎಷ್ಟು"

ಸದ್ದು ಬದಲಾಯಿತು. ಸೀಳುವ ಸದ್ದು ಹೋಗಿ ಉಜ್ಜುವ ಸದ್ದು ಬಂತು. ಹಲಗೆ ಮುಂದೆ ಹೋಗುತ್ತಿರಲಿಲ್ಲ. ಬ್ಲೇಡು ಒಂದೇ ಜಾಗದಲ್ಲಿ ತಿರುಗಿ ತಿರುಗಿ ಸುಟ್ಟ ವಾಸನೆ ಎದ್ದಿತು, ತೆಳ್ಳಗೆ ಹೊಗೆ. ಅವಳು ಅವನ ಮುಖ ನೋಡಲಿಲ್ಲ, ನೋಡಬೇಕಾಗಿಯೂ ಇರಲಿಲ್ಲ. ಎಡಗೈ ಹಲಗೆಯಿಂದ ಮೇಲೆದ್ದಿತು. ಬೆರಳುಗಳು ಗಾಳಿಯಲ್ಲಿ ಗುಂಡಿ ಹುಡುಕತೊಡಗಿದವು. ಅಂಗಿಯ ಕಡೆ ಬರಲಿಲ್ಲ, ಮೇಜಿನ ಮೇಲೆ ತಡವುತ್ತ ಬೂದು ನೆರಳಿನ ಕಡೆ ಹೊರಟವು.

ಅವಳು ಮುನ್ನುಗ್ಗಿ ಕೆಂಪು ಸ್ವಿಚ್ಚಿಗೆ ಮೊಣಕಾಲಿಂದ ಗುದ್ದಿದಳು. ಬ್ಲೇಡು ತಕ್ಷಣ ನಿಲ್ಲಲಿಲ್ಲ, ನಿಧಾನವಾಗಿ ಕುಯ್ಯೋ ಎನ್ನುತ್ತ ತಿರುಗುತ್ತಲೇ ಇತ್ತು. ಅವನ ಅಂಗಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದಳು. ಅಂಗಿ ಹರಿಯಿತು. ಕೈ ಬ್ಲೇಡಿಗೆ ತಗಲದೆ ಒಂದೇ ಒಂದು ಇಂಚು ಈಚೆಗೆ ಬಂತು.

"ಸಲೀಸು!" ಎಂದ ಅವನು. ಆಮೇಲೆ ಸುತ್ತ ನೋಡಿದ. "ಯಾಕೆ ಆಫ್ ಮಾಡ್ದೆ? ಅಂಗಿ ಯಾಕೆ ಎಳೀತಿದೀಯಾ?"

ಅಂಗಡಿಯವನ ನಗು ಎಲ್ಲೋ ಬಿದ್ದುಹೋಗಿತ್ತು. ಅವನು ಬಂದು ಪ್ಲಗ್ಗನ್ನೇ ಕಿತ್ತುಹಾಕಿದ.

ಇಂಚುಪಟ್ಟಿ ಹಲಗೆಯನ್ನು ಎತ್ತಿ ಬೆಳಕಿಗೆ ಹಿಡಿದ. ಸೀಳು ಅರ್ಧದವರೆಗೆ ಬಿಳಿಯಾಗಿ ನೆಟ್ಟಗಿತ್ತು, ಕೊನೆಯಲ್ಲಿ ಕಪ್ಪಗೆ ಸುಟ್ಟಿತ್ತು. "ಬ್ಲೇಡ್ ಮೊಂಡು ಇದು. ಮರ ಸುಟ್ಟಿದೆ."

"ಹೊಸಾ ಬ್ಲೇಡು ಸಾರ್," ಎಂದ ಅಂಗಡಿಯವನು ಮೆಲ್ಲಗೆ. "ಹಲಗೆ ನಿಂತ್ರೆ ಹಾಗಾಗುತ್ತೆ."

"ನಾನೆಲ್ಲಿ ನಿಲ್ಸಿದೆ?"

ಅಂಗಡಿಯವನು ಕೈಯೊರೆಸಿಕೊಳ್ಳುತ್ತ ಕೇಳಿದ, "ಸಾರ್ ಏನ್ ಕೆಲ್ಸದಲ್ಲಿದೀರಿ?"

"ಬಸ್ ಓಡಿಸ್ತೀನಿ. ಇಷ್ಟು ವರ್ಷದಲ್ಲಿ ಒಂದು ಗೀರು ಬಿದ್ದಿಲ್ಲ," ಎಂದ ಅವನು, ಅಭ್ಯಾಸದ ಹೆಮ್ಮೆಯಿಂದ. "ಮಧ್ಯಾಹ್ನ ಡ್ಯೂಟಿ ಇದೆ, ಸ್ಕೂಲ್ ಬಿಡೋ ಹೊತ್ತಿನ ಟ್ರಿಪ್ಪು. ಬೇಗ ಬೇರೆ ಬ್ಲೇಡ್ ಹಾಕಿ ತೋರಿಸ್ರಿ."

ಅಂಗಡಿಯವನು ಅವನನ್ನು ನೋಡಲಿಲ್ಲ. ಅವಳನ್ನು ನೋಡಿದ. ಬೈಗುಳವೇ ವಾಸಿ, ಅಂಥ ನೋಟ. ಅವಳು ತಲೆ ತಗ್ಗಿಸಿದಳು. ಬೇಸಿಗೆಯಿಂದ ಅವಳು ಎಲ್ಲದಕ್ಕೂ ಹೆದರಿದ್ದಳು. ಚಹದ ಪಾತ್ರೆಗೆ, ಗರಗಸಕ್ಕೆ, ಡಾಕ್ಟರಿಗೆ. ಬಸ್ಸಿಗೆ ಮಾತ್ರ ಹೆದರಿರಲಿಲ್ಲ. ಅದಕ್ಕೆ ಹೆದರಿದರೆ ಉಳಿದದ್ದೆಲ್ಲ ಕುಸಿಯುತ್ತದೆಂದು ಗೊತ್ತಿದ್ದೇ ಹೆದರಿರಲಿಲ್ಲ. ತಿರುವಿನಲ್ಲಿ ಸ್ಟೀರಿಂಗ್ ಬಿಟ್ಟು ಗುಂಡಿ ಹುಡುಕುವ ಆ ಕೈ ಈಗ ಕಣ್ಣಿಗೆ ಕಟ್ಟಿತು, ಅದರ ಹಿಂದೆ ಕಂಬಿ ಹಿಡಿದು ಜೋತಾಡುವ ಮಕ್ಕಳೂ.

"ರೀ," ಎಂದಳು, "ಇವತ್ತು ಬಸ್ ಹತ್ಬೇಡಿ."

ಆಮೇಲೆ ಚಹದಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಅವನು ನಡುವೆ ನಕ್ಕು ನೋಡಿದ, ರೇಗಿ ನೋಡಿದ. ಕೈಯಲ್ಲಿದ್ದ ಹಲಗೆಯನ್ನು ನೋಡಿದ ಮೇಲೆ ಸುಮ್ಮನಾದ. ಹೆಂಡತಿ ಸುಳ್ಳು ಹೇಳಿಯಾಳು, ಮರ ಹೇಳುವುದಿಲ್ಲ ಎಂದು ನಂಬಿದವನು ಅವನು.

"ಬೇಸಿಗೆಯಿಂದಾನಾ?" ಎಂದು ಕೇಳಿದ.

"ಹೂಂ."

"ಬೇಸಿಗೆಯಿಂದ ದಿನಾ ಬುತ್ತಿ ಕಟ್ಟಿ ಬಸ್ಸಿಗೆ ಕಳಿಸ್ದೆ." ದನಿ ಏರಲಿಲ್ಲ. "ನನ್ ಹತ್ತು ಬೆರಳಿಗೋಸ್ಕರ ಮೂರಂಗಡಿ ಗರಗಸದಲ್ಲಿ ತಪ್ಪು ಹುಡುಕ್ದೆಯಲ್ಲೇ."

ಅವನು ಫೋನ್ ತೆಗೆದ. ಡಿಪೋದ ನಂಬರು ಒತ್ತಲು ಹೋದ ಬೆರಳು ನಿಂತಿತು. ಈ ಸಲ ಅವನು ಎಲ್ಲಿಗೂ ಹೋಗಿರಲಿಲ್ಲ, ಕಣ್ಣಿನೊಳಗೆ ಪೂರ್ತಿ ಇದ್ದ. ಫೋನನ್ನು ಅವಳ ಕೈಗೆ ಕೊಟ್ಟ. ಅವಳೇ ನಂಬರು ಒತ್ತಿದಳು.

"ಏನಪ್ಪಾ ಇಂಚುಪಟ್ಟಿ," ಎಂದು ಡಿಪೋದ ಮೇಲ್ವಿಚಾರಕ ಆ ಕಡೆಯಿಂದ ನಗುತ್ತ ಎತ್ತಿಕೊಂಡ, "ಇವತ್ತೂ ಎಲ್ರಿಗಿಂತ ಮುಂಚೆ ಬಂದು ಕೂರ್ತೀಯಾ?"

"ನಾನು ಅವ್ರ ಹೆಂಡ್ತಿ. ಅವ್ರು ಇವತ್ತು ಬರಲ್ಲ. ಬೇರೆಯೋರ್ನ ಹಾಕ್ಕೊಳ್ಳಿ."

"ಹುಷಾರಿಲ್ವಾ? ನಾಳೆ ಬರ್ತಾರಲ್ಲಮ್ಮ?"

ಅವಳು ಗಂಡನ ಕಡೆ ತಿರುಗಿದಳು. ಅವನು ಹಲಗೆಯನ್ನು ಗರಗಸದ ಮೇಲಿಟ್ಟು, ಆ ಕಪ್ಪು ಗುರುತಿಗೆ ಅಳತೆಪಟ್ಟಿ ಹಿಡಿದು ಎಷ್ಟು ಅಗಲವಿದೆ ಎಂದು ನೋಡುತ್ತಿದ್ದ. ನೋಡಿ ಪಟ್ಟಿ ತೆಗೆಯುತ್ತಿದ್ದ, ಮತ್ತೆ ಇಡುತ್ತಿದ್ದ.

"ನಾಳೆನೂ ಬರಲ್ಲ," ಎಂದಳು.