ಗೀಟು ಹಾಕಿದ ಎರಡು ಪುಟಗಳು

ನನ್ನ ಮೈಮೇಲೆ ಮೊಟ್ಟಮೊದಲು ಅಚ್ಚಾದ ಮಾತು 'ಇಲ್ಲಿ ಏನನ್ನೂ ಬರೆಯಬಾರದು' ಎಂದು. ಹುಟ್ಟಿದ ಮಗುವಿನ ಕಿವಿಯಲ್ಲಿ ಹೆಸರು ಹೇಳುತ್ತಾರಂತೆ. ನನಗೆ ಹೇಳಿದ್ದು ಇದನ್ನು. ಬರೆಯಿಸಿಕೊಳ್ಳುವುದಕ್ಕೆಂದೇ ಹುಟ್ಟಿದ ಉತ್ತರಪತ್ರಿಕೆ ನಾನು. ಮೂವತ್ತಾರು ಪುಟ, ನಡುವೆ ಎರಡು ಪಿನ್ನು, ಮುಖಪುಟದಲ್ಲಿ ಪ್ರಶ್ನೆ ಸಂಖ್ಯೆಗೊಂದು ಮನೆ ಇರುವ ಅಂಕಪಟ್ಟಿ, ಹಿಂಬದಿಯಲ್ಲಿ ಹದಿನಾಲ್ಕು ಸೂಚನೆಗಳು. ಆ ಹದಿನಾಲ್ಕನ್ನೂ ಓದಿದ ಮನುಷ್ಯರನ್ನು ನಾನಂತೂ ಇವತ್ತಿನವರೆಗೆ ಕಂಡಿಲ್ಲ.

ನಾನು ಹುಟ್ಟಿದ್ದು ಒಂದು ಕೈಗಾರಿಕಾ ಪ್ರದೇಶದ ಪ್ರೆಸ್ಸಿನಲ್ಲಿ. ಪರೀಕ್ಷೆ ಹತ್ತಿರ ಬಂದಿತ್ತು, ದಿನಕ್ಕೆ ಇಪ್ಪತ್ತು ಸಾವಿರದಂತೆ ನಮ್ಮನ್ನು ಹೊರಗೆ ತಳ್ಳುತ್ತಿದ್ದರು. ಕೊನೆಯ ಮೇಜಿನ ಹತ್ತಿರ ಒಬ್ಬ ಹೆಂಗಸು ಮುಖಪುಟಕ್ಕೆ ನಂಬರಿನ ಚೀಟಿ ಅಂಟಿಸುತ್ತಿದ್ದಳು. ಪಾಪ, ಬೆಳಿಗ್ಗೆಯಿಂದ ನಿಂತೇ ಇದ್ದಳು, ಕಾಲು ಊದಿಕೊಂಡಿತ್ತು. ಅವಳ ಬ್ರಷ್ಷಿನಿಂದ ಒಂದು ಹನಿ ಗೋಂದು ನನ್ನ ಅಂಚಿಗೆ ಬಿತ್ತು. ಅವಳು ಸೆರಗಿನಿಂದ ಒರೆಸಿದಳು. ಮೇಲಿನದು ಹೋಯಿತು, ಉಳಿದದ್ದು ಒಳಗಿಳಿದು ಇಪ್ಪತ್ತಾರು ಮತ್ತು ಇಪ್ಪತ್ತೇಳನೆಯ ಪುಟಗಳನ್ನು ಒಂದಕ್ಕೊಂದು ಹಿಡಿಸಿಬಿಟ್ಟಿತು. ಕಡಲೆಕಾಳಿನಷ್ಟು ಜಾಗ, ಅಷ್ಟೇ. ಮುಂದೆ ನಾನು ಎಲ್ಲರನ್ನೂ ಬೈಯಲಿದ್ದೇನೆ, ಅದಕ್ಕೇ ಇದನ್ನು ಈಗಲೇ ಹೇಳಿಬಿಡುತ್ತೇನೆ. ಮೊದಲ ತಪ್ಪು ನನ್ನ ಮೈಯಲ್ಲೇ ಇತ್ತು.

ನನ್ನನ್ನು ಮೊದಲು ಮುಟ್ಟಿ ಬರೆದವಳು ದಾಕ್ಷಾಯಣಿ ಬಡಿಗೇರ, ಬಿ.ಎ. ಆರನೆಯ ಸೆಮಿಸ್ಟರು, ಸರ್ಕಾರಿ ಪದವಿ ಕಾಲೇಜು. ಅವತ್ತಿನ ಪರೀಕ್ಷೆ ಅರ್ಥಶಾಸ್ತ್ರದವರ ಸಂಖ್ಯಾಶಾಸ್ತ್ರ. ಬೆಲ್ಲು ಹೊಡೆಯುವ ಮುಂಚೆ ಅವಳು ಮುಂದಿನ ಬೆಂಚಿನ ಗೆಳತಿಯ ಹತ್ತಿರ ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡೆ. ಯಾವುದೋ ದತ್ತಿ ಸಂಸ್ಥೆಯವರು ವರ್ಷಕ್ಕೆ ಹನ್ನೆರಡು ಹುಡುಗಿಯರಿಗೆ ಊಟ, ಕೋಣೆ, ಪುಸ್ತಕ ಎಲ್ಲ ಉಚಿತವಾಗಿ ಕೊಟ್ಟು ಎಂ.ಎ. ಓದಿಸುತ್ತಾರಂತೆ. ಸಂದರ್ಶನ ಮುಗಿದು ಇವಳ ಹೆಸರು ಪಟ್ಟಿಯಲ್ಲಿ ಬಂದಿತ್ತು. ಆದರೆ ಮೂರೂ ವರ್ಷದ್ದು ಸೇರಿ ಸಿ.ಜಿ.ಪಿ.ಎ. ಆರೂವರೆ ಇರಲೇಬೇಕು, ಮೊದಲ ಪ್ರಯತ್ನದಲ್ಲಿ, ಅದೇ ವರ್ಷ. ಅಪ್ಪ ಬಡಿಗತನದವನು. ಪುಕ್ಕಟೆ ಆದರೆ ಓದು, ಇಲ್ಲವಾದರೆ ಅತ್ತೆಯ ಬಟ್ಟೆ ಅಂಗಡಿಯಲ್ಲಿ ಕುಳಿತುಕೋ ಎಂದಿದ್ದ. ಇಷ್ಟು ಹೇಳಿ ಅವಳು ನನ್ನ ಅಂಚಿಗೆ ಸ್ಕೇಲಿಟ್ಟು ನೀಟಾಗಿ ಗೆರೆ ಎಳೆಯತೊಡಗಿದಳು.

ಎಂಥ ಅಕ್ಷರ ಅಂತೀರಿ! ಒತ್ತಿ ಬರೆಯುವುದಿಲ್ಲ, ಹೊಡೆದು ಹಾಕುವುದಿಲ್ಲ, ಲೆಕ್ಕದ ಹೆಜ್ಜೆಗಳನ್ನು ಒಂದರ ಕೆಳಗೊಂದು ಇಳಿಸುತ್ತ ಹೋಗುತ್ತಾಳೆ. ನನಗೆ ಖುಷಿಯೋ ಖುಷಿ. ಪಕ್ಕದ ಬೆಂಚಿನಲ್ಲಿದ್ದ ನನ್ನ ಜೊತೆಗಾರನ ಮೇಲೆ ಒಬ್ಬ ಮಹಾರಾಯ ಪ್ರಶ್ನೆಪತ್ರಿಕೆಯನ್ನೇ ಎರಡು ಸಲ ನಕಲು ಮಾಡಿ ಕುಳಿತಿದ್ದ. ಇವಳು ಇಪ್ಪತ್ತೈದನೆಯ ಪುಟ ತುಂಬಿಸಿದಾಗ ಇನ್ನೂ ಇಪ್ಪತ್ತು ನಿಮಿಷವಿತ್ತು. ಕೊನೆಯ ಪ್ರಶ್ನೆ ಹತ್ತು ಅಂಕದ್ದು, ತೂಕದ ಸರಾಸರಿ. ಹಾಳೆ ತಿರುವಿದಳು. ಅಂಟಿಕೊಂಡಿದ್ದ ಎರಡು ಹಾಳೆಗಳು ಒಟ್ಟಿಗೇ ತಿರುಗಿದವು. ಅವಳಿಗೆ ಎದುರಾದದ್ದು ಇಪ್ಪತ್ತೆಂಟನೆಯ ಪುಟ. ಅವಸರದಲ್ಲಿ ಪುಟದ ಸಂಖ್ಯೆ ಯಾರು ನೋಡುತ್ತಾರೆ? ಇಪ್ಪತ್ತೆಂಟು, ಇಪ್ಪತ್ತೊಂಬತ್ತರಲ್ಲಿ ಇಡೀ ಲೆಕ್ಕ ಬಿಡಿಸಿ ಉತ್ತರದ ಸುತ್ತ ಚೌಕ ಹಾಕಿದಳು. ಉತ್ತರ ಸರಿಯಾಗಿತ್ತು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಬರೆಯದೆ ಉಳಿದ ಪುಟಕ್ಕೆ ಮೂಲೆಯಿಂದ ಮೂಲೆಗೆ ಗೀಟು ಎಳೆಯಬೇಕು, ಆಮೇಲೆ ಯಾರೂ ಅಲ್ಲಿ ಏನೂ ಬರೆದು ಸೇರಿಸದಿರಲಿ ಎಂದು. ಕೊನೆಯ ಬೆಲ್ಲಿಗೆ ಕೊಠಡಿಯ ಮೇಡಂ ಬಂದರು. ಹೆಬ್ಬೆರಳಿನಿಂದ ನನ್ನ ಹಾಳೆಗಳನ್ನು ಪಟಪಟ ಬಿಟ್ಟು ನೋಡಿದರು. ಆ ರಭಸಕ್ಕೆ ಗೋಂದು ಬಿಟ್ಟುಕೊಂಡಿತು, ಎರಡು ಖಾಲಿ ಪುಟ ಬಾಯಿ ತೆರೆದವು. ಇಲ್ಲಿ ಖಾಲಿ ಬಿಟ್ಟಿದ್ದೀಯಲ್ಲ, ಗೀಟು ಹಾಕು ಎಂದರು ಮೇಡಂ. ಮುಂದೆ ಇನ್ನೊಂದು ಉತ್ತರ ಇದೆ ಎಂಬುದನ್ನು ಅವರೂ ನೋಡಿದರು. ಪದ್ಧತಿ ಪದ್ಧತಿಯೇ. ದಾಕ್ಷಾಯಣಿ ಅಯ್ಯೋ, ಪುಟ ಬಿಟ್ಟುಬಿಟ್ಟೆನಲ್ಲ ಎಂದುಕೊಂಡು ಎರಡಕ್ಕೂ ಗೀಟು ಎಳೆದು, ಉಳಿದ ಖಾಲಿ ಪುಟಗಳಿಗೂ ಎಳೆದು ನನ್ನನ್ನು ಕೊಟ್ಟಳು.

ಅಲ್ಲಿಂದ ಮುಂದೆ ನನ್ನ ಮೇಲೆ ಅವಳ ಹೆಸರೂ ಉಳಿಯಲಿಲ್ಲ. ರಿಜಿಸ್ಟರ್ ನಂಬರಿದ್ದ ಚೀಟಿಯನ್ನು ಕತ್ತರಿಸಿ, ಗುಟ್ಟಿನ ನಂಬರೊಂದನ್ನು ಬಡಿದು, ನಲವತ್ತು ಪತ್ರಿಕೆಗಳ ಕಟ್ಟಿನಲ್ಲಿ ಹಾಕಿದರು. ಯಾರದೆಂದು ಗೊತ್ತಾಗದಿದ್ದರೆ ನ್ಯಾಯ ಸಿಗುತ್ತದಂತೆ. ಮೌಲ್ಯಮಾಪನ ನಡೆದದ್ದು ಒಂದು ದೊಡ್ಡ ಹಾಲಿನಲ್ಲಿ. ತಗಡಿನ ಮಾಡು, ಮೇ ತಿಂಗಳ ಬಿಸಿಲು, ನಾಲ್ಕು ಫ್ಯಾನಿನಲ್ಲಿ ಎರಡು ತಿರುಗುತ್ತಿದ್ದವು. ನನ್ನ ಪಾಲಿಗೆ ಬಂದವರು ಕನ್ನಡಕ ಮೂಗಿನ ತುದಿಗಿಳಿಸಿದ ಒಬ್ಬ ಅಧ್ಯಾಪಕರು. ಕೆಟ್ಟವರೇನಲ್ಲ. ಬೆಳಿಗ್ಗೆ ಮೊದಲ ಹತ್ತು ಪತ್ರಿಕೆಗಳನ್ನು ಸಾಲು ಸಾಲು ಓದಿದ್ದರು, ಹೆಜ್ಜೆಗೆ ಅರ್ಧ ಅಂಕ ಹುಡುಕಿ ಕೊಟ್ಟಿದ್ದರು. ನಾನು ಮೂವತ್ತೇಳನೆಯವನು. ಸಂಜೆ ಐದರ ಬಸ್ಸಿಗೆ ಅವರು ಹೋಗಬೇಕಿತ್ತು. ಇಪ್ಪತ್ತೈದನೆಯ ಪುಟದವರೆಗೆ ಟಿಕ್ಕು ಹಾಕುತ್ತ ಬಂದರು, ತಿರುವಿದರು, ಎರಡೂ ಕಡೆ ಗೀಟು ಕಂಡಿತು. ಗೀಟು ಕಂಡರೆ ಅವರ ಪಾಲಿಗೆ ಪತ್ರಿಕೆ ಮುಗಿದಂತೆ, ಮೂವತ್ತು ವರ್ಷದ ಅಭ್ಯಾಸ. ಮುಖಪುಟಕ್ಕೆ ಬಂದು ಕೊನೆಯ ಪ್ರಶ್ನೆಯ ಮನೆಯಲ್ಲಿ ಅಡ್ಡಗೆರೆ ಎಳೆದರು. ಎಂಬತ್ತಕ್ಕೆ ಮೂವತ್ತೇಳು. ಇನ್ನೊಂದು ಹಾಳೆ, ಸ್ವಾಮೀ, ಒಂದೇ ಒಂದು ಹಾಳೆ ತಿರುವಿ ಎಂದು ನಾನು ಒಳಗೊಳಗೇ ಹಲುಬಿದೆ. ಅವರು ನನ್ನನ್ನು ಪಕ್ಕಕ್ಕಿಟ್ಟು ಚಹಾ ಕುಡಿದರು.

ಜುಲೈಯಲ್ಲಿ ಫಲಿತಾಂಶ ಬಂತು. ನಮ್ಮ ಕಟ್ಟು ವಿಶ್ವವಿದ್ಯಾಲಯದ ಪರೀಕ್ಷಾ ವಿಭಾಗದ ಕಪಾಟಿನಲ್ಲಿತ್ತು, ಅದರ ಮುಂದೆಯೇ ಗುಮಾಸ್ತ ವಿರೂಪಾಕ್ಷಯ್ಯನವರ ಕೌಂಟರು. ಒಂದು ದಿನ ದಾಕ್ಷಾಯಣಿ ಅಂಕಪಟ್ಟಿ ಹಿಡಿದು ಅಲ್ಲಿಗೆ ಬಂದಳು. ಆರು ಪಾಯಿಂಟ್ ನಾಲ್ಕು ಏಳು ಹೇಗಾಯಿತು ಎಂದು ಕೇಳಿದಳು. ವಿರೂಪಾಕ್ಷಯ್ಯ ಸಮಾಧಾನದ ಮನುಷ್ಯ, ಹಳೆಯ ಲಕೋಟೆಯ ಹಿಂದೆ ಬರೆದು ತೋರಿಸಿದರು. ಈ ವಿಷಯದಲ್ಲಿ ಪರೀಕ್ಷೆಯ ಮೂವತ್ತೇಳು, ಕಾಲೇಜಿನ ಆಂತರಿಕ ಅಂಕ ಹದಿನೇಳು, ಒಟ್ಟು ಐವತ್ನಾಲ್ಕು. ಐವತ್ತರಿಂದ ಐವತ್ತೊಂಬತ್ತರವರೆಗೆ ಯಾರಿಗಾದರೂ ಗ್ರೇಡ್ ಪಾಯಿಂಟ್ ಆರು. ಅರವತ್ತಾದರೆ ಏಳು. ವಿಷಯದ ತೂಕ ನಾಲ್ಕು ಕ್ರೆಡಿಟ್, ಆರು ನಾಲ್ಕಲಿ ಇಪ್ಪತ್ನಾಲ್ಕು. ಹೀಗೆ ಎಲ್ಲ ವಿಷಯಗಳದ್ದೂ ಗುಣಿಸಿ, ಆರೂ ಸೆಮಿಸ್ಟರಿನದು ಕೂಡಿಸಿದರೆ ಅವಳದು ಒಂಬೈನೂರ ಮೂವತ್ತೆರಡು. ಒಟ್ಟು ಕ್ರೆಡಿಟ್ ನೂರ ನಲವತ್ನಾಲ್ಕು. ಭಾಗಿಸಿದರೆ ಆರು ಪಾಯಿಂಟ್ ನಾಲ್ಕು ಏಳು.

ಆರೂವರೆಗೆ ಎಷ್ಟು ಬೇಕಿತ್ತು ಎಂದು ಅವಳೇ ಮನಸ್ಸಿನಲ್ಲಿ ಗುಣಿಸಿದಳು. ಒಂಬೈನೂರ ಮೂವತ್ತಾರು. ನಾಲ್ಕು ಪಾಯಿಂಟು ಕಡಿಮೆ. ಈ ಒಂದು ವಿಷಯದಲ್ಲಿ ಆರು ಹೋಗಿ ಏಳಾಗಿದ್ದರೆ ಸರಿಯಾಗಿ ಅಷ್ಟೇ ಬರುತ್ತಿತ್ತು. ಅಂದರೆ ಇನ್ನು ಆರು ಅಂಕ. ನನ್ನ ಹೊಟ್ಟೆಯೊಳಗೆ ಹತ್ತು ಅಂಕದ ಉತ್ತರ ಕುಳಿತಿತ್ತು, ಅದೂ ಇದೇ ತೂಕದ ಸರಾಸರಿಯ ಲೆಕ್ಕ, ಇದೇ ಗುಣಿಸು, ಕೂಡಿಸು, ಭಾಗಿಸು. ಅವಳ ಮಾರ್ಕುಗಳನ್ನು ನುಂಗಿದ ಲೆಕ್ಕವನ್ನು ಅವಳು ಆ ವಿಶ್ವವಿದ್ಯಾಲಯಕ್ಕಿಂತ ಚೆನ್ನಾಗಿ ಬಿಡಿಸಿದ್ದಳು. ಕಪಾಟಿನ ಬಾಗಿಲಿಗೆ ಬೀಗ ಹಾಕಿತ್ತು.

ಅವಳು ನನ್ನ ಜೆರಾಕ್ಸ್ ಪ್ರತಿಗೆ ಅರ್ಜಿ ಹಾಕಿದಳು. ಜೆರಾಕ್ಸಿನವನೂ ಇದೇ ಊರಿನವನೇ ತಾನೆ? ಅವನಿಗೂ ಅದೇ ಪಾಠ. ಗೀಟಿನ ಪುಟ ಬಂದ ಕೂಡಲೇ ನಿಲ್ಲಿಸಿದ. ಆ ಪ್ರತಿ ಅವಳ ಕೈ ಸೇರುವ ಹೊತ್ತಿಗೆ ಇಪ್ಪತ್ತೆರಡು ದಿನ ಕಳೆದಿತ್ತು, ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕುವ ದಿನ ಮುಗಿದು ಎರಡು ದಿನವಾಗಿತ್ತು. ಮಾರನೆಯ ಬೆಳಿಗ್ಗೆ ಕೌಂಟರು ತೆರೆಯುವ ಮುಂಚೆಯೇ ಅವಳು ಬಂದು ನಿಂತಿದ್ದಳು.

"ಸರ, ನಾನು ಇನ್ನೂ ಎರಡು ಪುಟ ಬರದೇನ್ರಿ. ಅವು ಇದರಾಗ ಇಲ್ಲ."

ವಿರೂಪಾಕ್ಷಯ್ಯ ಅವಳ ಮುಖ ನೋಡಿದರು. ನಿಯಮದಲ್ಲಿ ಇಲ್ಲದ ಕೆಲಸ, ಆದರೂ ಬೀಗ ತೆಗೆದು, ಕಟ್ಟು ಬಿಚ್ಚಿ, ನನ್ನನ್ನು ಎಳೆದು ಮೇಜಿನ ಮೇಲೆ ಹಾಕಿದರು. ಒಂದೊಂದೇ ಪುಟ ತಿರುವಿದರು. ಗೀಟು, ಗೀಟು, ಆಮೇಲೆ ಉತ್ತರ. ನೀಲಿ ಅಕ್ಷರ, ಚೌಕದೊಳಗೆ ಸರಿಯಾದ ಸಂಖ್ಯೆ. ಅವಳು ಅದರ ಮೇಲೆ ಬೆರಳಿಟ್ಟು ಇದೇ ನೋಡ್ರಿ ಎಂದಳು. ನನಗೆ ಜೀವ ಬಂದಂತಾಯಿತು, ಇನ್ನೇನು, ನೋಡಿದರಲ್ಲ!

"ಕಾಣಾಕತ್ತೈತವ್ವ," ಎಂದರು ವಿರೂಪಾಕ್ಷಯ್ಯ. "ಕಂಡಿದ್ದಕ್ಕ ಮಾರ್ಕ್ಸ್ ಹಾಕೋ ಅಧಿಕಾರ ನನಗಿಲ್ಲ."

ಅವರೇ ಕುಳಿತು ಕುಲಸಚಿವರಿಗೆ ಮನವಿ ಬರೆಸಿದರು. ಮನವಿ ಸಮಿತಿಗೆ ಹೋಯಿತು. ಸಮಿತಿಯ ಒಬ್ಬರು ರಜೆ, ಇನ್ನೊಬ್ಬರು ನಿವೃತ್ತಿ, ಆಮೇಲೆ ದಸರಾ. ದತ್ತಿ ಸಂಸ್ಥೆಯವರು ಆಗಸ್ಟ್ ಕೊನೆಯವರೆಗೆ ಕಾದು ಇವಳ ಜಾಗಕ್ಕೆ ಹದಿಮೂರನೆಯ ಹುಡುಗಿಯನ್ನು ಕರೆದುಕೊಂಡರು. ಅವರನ್ನು ಬೈಯಲು ನನಗೆ ಬಾಯಿಲ್ಲ, ಅವರು ಹೇಳಿದ ದಿನಕ್ಕಿಂತ ಹೆಚ್ಚೇ ಕಾದಿದ್ದರು. ಸಮಿತಿ ಸೇರಿದ್ದು ಡಿಸೆಂಬರಿನಲ್ಲಿ. ಐದು ಜನ ನನ್ನ ಸುತ್ತ ಕುಳಿತು ಅರ್ಧ ಗಂಟೆ ಗೋಡಂಬಿ ತಿಂದರು. ನನ್ನ ಆ ಎರಡು ಪುಟ ಓದಲು ನಾಲ್ಕು ನಿಮಿಷ ಸಾಕಾಯಿತು. ಹತ್ತಕ್ಕೆ ಎಂಟು ಕೊಟ್ಟರು. ಅರವತ್ತೆರಡು, ಗ್ರೇಡ್ ಪಾಯಿಂಟ್ ಏಳು, ಒಟ್ಟು ಒಂಬೈನೂರ ಮೂವತ್ತಾರು, ಆರು ಪಾಯಿಂಟ್ ಐದು ಸೊನ್ನೆ. ಆದೇಶದಲ್ಲಿ ಹೀಗೆ ಬರೆದರು: 'ವಿದ್ಯಾರ್ಥಿನಿಯ ಅಜಾಗರೂಕತೆಯಿಂದ ಉಂಟಾದ ಲೋಪ. ಮಾನವೀಯ ನೆಲೆಯಲ್ಲಿ ಅಂಕ ನೀಡಲಾಗಿದೆ.'

ಅಜಾಗರೂಕತೆಯಂತೆ! ನನಗೆ ಮೈಯೆಲ್ಲ ಉರಿದುಹೋಯಿತು. ಹೊಸ ಅಂಕಪಟ್ಟಿ ಅಚ್ಚಾಗಿ ಬಂತು. ಹಳೆಯದನ್ನು ಹಿಂದಿರುಗಿಸಿದರೆ ಮಾತ್ರ ಹೊಸದು ಎಂಬ ನಿಯಮವಿತ್ತು, ಹಾಗಾಗಿ ವಿರೂಪಾಕ್ಷಯ್ಯ ಆದೇಶದ ಪ್ರತಿಯನ್ನು ಅವಳ ಮನೆಗೆ ಅಂಚೆಯಲ್ಲಿ ಕಳಿಸಿ, ಫೋನೂ ಮಾಡಿದರು. ಆ ಸೀಟು ಹೋತಲ್ರಿ, ಆಮೇಲೆ ಬರ್ತೀನ್ರಿ ಎಂದಳಂತೆ. ಹಿಂದೆ ಯಾರೋ ಬ್ಲೌಸ್ ಪೀಸಿನ ಬಣ್ಣ ಕೇಳುತ್ತಿದ್ದರಂತೆ. ಅವರು ಹೊಸ ಅಂಕಪಟ್ಟಿಯನ್ನು ನನ್ನ ಮುಖಪುಟಕ್ಕೆ ಪಿನ್ನು ಹಾಕಿ ಕಪಾಟಿಗೆ ಸೇರಿಸಿದರು. ವರ್ಷ ತುಂಬಿದಾಗ ನನ್ನ ಕಟ್ಟಿನ ಮೂವತ್ತೊಂಬತ್ತು ಜನರನ್ನೂ ಗೋಣಿಚೀಲದಲ್ಲಿ ತುಂಬಿ ಕಾಗದದ ಕಾರ್ಖಾನೆಗೆ ಕಳಿಸಿದರು. ಪಿನ್ನಿನ ದೆಸೆಯಿಂದ ನಾನೊಬ್ಬನೇ ಉಳಿದೆ. ಕಪಾಟಿನ ಕತ್ತಲೆಯಲ್ಲಿ ಅವಳ ಅಕ್ಷರಗಳನ್ನು ಹೊದ್ದು ಮೂರು ವರ್ಷ ಮಲಗಿದ್ದೆ.

ಮೊನ್ನೆ ಅವಳು ಬಂದಳು. ಸ್ವಲ್ಪ ದಪ್ಪಗಾಗಿದ್ದಾಳೆ, ಕನ್ನಡಕ ಬಂದಿದೆ. ಸಹಕಾರಿ ಸೊಸೈಟಿಯ ಗುಮಾಸ್ತೆ ಕೆಲಸಕ್ಕೆ ಅರ್ಜಿ ಹಾಕಿದ್ದಾಳಂತೆ. ಅಲ್ಲಿಯವರು ಪರಿಶೀಲನೆಗೆ ಕಳಿಸಿದರೆ ಅವಳ ಕೈಯಲ್ಲಿರುವ ಪಟ್ಟಿಯಲ್ಲಿ ಆರು ಪಾಯಿಂಟ್ ನಾಲ್ಕು ಏಳು, ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಆರೂವರೆ. ನಿಮ್ಮದು ನಕಲಿ ಇರಬಹುದು, ಹದಿನೈದು ದಿನದಲ್ಲಿ ವಿವರಣೆ ಕೊಡಿ ಎಂದು ನೋಟಿಸು ಕೊಟ್ಟಿದ್ದಾರೆ. ನಿವೃತ್ತಿಯ ಹೊಸ್ತಿಲಲ್ಲಿರುವ ವಿರೂಪಾಕ್ಷಯ್ಯ ನನ್ನನ್ನು ಹೊರಗೆ ತೆಗೆದು ಪಿನ್ನು ಬಿಚ್ಚಿ, ಹೊಸ ಪಟ್ಟಿ ಕೊಟ್ಟು, ಹಳೆಯದಕ್ಕೆ 'ರದ್ದು' ಎಂದು ಠಸ್ಸೆ ಒತ್ತಿದರು. ಅವಳು ಒಮ್ಮೆ ನೋಡಲೇನ್ರಿ ಎಂದು ಕೇಳಿ ನನ್ನನ್ನು ತೆರೆದಳು.

ಮೂರು ವರ್ಷದಲ್ಲಿ ನನ್ನ ಗೋಂದು ಹಳದಿಗೆ ತಿರುಗಿತ್ತು. ಅಂದು ಯಾರ ಕಣ್ಣಿಗೂ ಬೀಳದ ಕಲೆ ಈಗ ಎರಡೂ ಪುಟದ ಅಂಚಿನಲ್ಲಿ ಎದುರುಬದುರು ಕೂತಿದೆ, ಕಡಲೆಕಾಳಿನಷ್ಟು. ಅವಳು ಹೆಬ್ಬೆರಳಿನಿಂದ ಅದನ್ನು ಮುಟ್ಟಿದಳು. ಪುಟ ಮುಚ್ಚಿದಳು, ಕಲೆಯ ಮೇಲೆ ಕಲೆ ಕೂತಿತು. ಮತ್ತೆ ತೆರೆದಳು. ಅವಳ ಉಸಿರು ನನ್ನ ಮೇಲೆ ಬಿತ್ತು.

"ಇಲ್ಲಿ ಅಂಟಿತ್ತು ಸರ. ನಾನು ಪುಟ ಬಿಟ್ಟಿಲ್ಲ. ಮೂರು ವರ್ಷ ಮನ್ಯಾಗ ಎಲ್ಲಾರೂ ನಿಂದೇ ತಪ್ಪು ಅಂದ್ರು, ನಾನೂ ಹೌದು ಅಂದ್ಕೊಂಡಿದ್ದೆ."

ವಿರೂಪಾಕ್ಷಯ್ಯ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಹೌದವ್ವ ಎಂದರು. ಆದೇಶದಲ್ಲಿನ ಆ ಮಾತು ತೆಗೆಸಬೇಕೆಂದರೆ ಹೊಸದಾಗಿ ಅರ್ಜಿ ಕೊಡಬೇಕು, ಮತ್ತೆ ಸಮಿತಿ ಕೂಡಬೇಕು ಎಂದೂ ಹೇಳಿದರು. ಅವಳು ಗೋಡೆಯ ಗಡಿಯಾರ ನೋಡಿದಳು. ಅಂಗಡಿಗೆ ಎರಡು ಗಂಟೆಯ ರಜೆ ಹೇಳಿ ಬಂದಿದ್ದಳು. ಬ್ಯಾಡ ಬಿಡ್ರಿ ಎಂದು ಹೊಸ ಪಟ್ಟಿಯನ್ನು ಮಡಚದೆ ಚೀಲದಲ್ಲಿಟ್ಟುಕೊಂಡು ಹೊರಟಳು. ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಪಿನ್ನು ಹೋದ ಮೇಲೆ ನನ್ನನ್ನು ಇಟ್ಟುಕೊಳ್ಳಲು ಯಾವ ನಿಯಮವೂ ಇಲ್ಲ. ಈಗ ಬಾಗಿಲ ಬಳಿ ಗೋಣಿಚೀಲದಲ್ಲಿದ್ದೇನೆ. ಅವಳ ಫೈಲಿನಲ್ಲಿ ಆ ಆದೇಶ ಹಾಗೇ ಇದೆ, ವಿದ್ಯಾರ್ಥಿನಿಯ ಅಜಾಗರೂಕತೆ ಎಂದೇ ಇದೆ. ಅಲ್ಲವೆಂದು ಹೇಳುವ ಸಾಕ್ಷಿ ಇರುವುದು ನನ್ನ ಮೈಮೇಲಿನ ಈ ಎರಡು ಕಲೆಗಳಲ್ಲಿ ಮಾತ್ರ. ಕಾರ್ಖಾನೆಯ ಲಾರಿ ಗುರುವಾರ ಬರುತ್ತದಂತೆ.